ಹಳದಿ ಅಂಗಿ

ಲೆಕ್ಕಪರಿಶೋಧಕರು ಕನ್ನಡ ಮೇಷ್ಟರನ್ನು ಕೇಳಬಹುದಾದ ಪ್ರಶ್ನೆಗಳು ಹೆಚ್ಚಿಲ್ಲ. ನಾವು ಖರ್ಚುಮಾಡುವುದು ಮಾತನ್ನು, ಅದಕ್ಕೆ ರಸೀದಿಯಿಲ್ಲ. ಆದರೂ ಹೋದ ವರ್ಷ ನನಗೊಂದು ಆಕ್ಷೇಪಣೆ ಬಂತು: “ವಾಲಿಬಾಲ್ ತಂಡಕ್ಕೆ ಹನ್ನೊಂದು ನೀಲಿ ಅಂಗಿ ಕೊಂಡು, ಒಂದನ್ನು ಮಾತ್ರ ಹಳದಿ ಕೊಂಡದ್ದೇಕೆ? ಸಮಜಾಯಿಷಿ ನೀಡುವುದು.”

ನಮ್ಮದು ಸಣ್ಣ ವಿಶ್ವವಿದ್ಯಾಲಯ. ಕ್ರೀಡಾ ವಿಭಾಗವೆಂದರೆ ಒಂದು ಬೀರು, ಒಂದು ಬಲೆ, ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವ ಒಬ್ಬ ತರಬೇತುದಾರರು. ತಂಡಕ್ಕೊಬ್ಬ ಮ್ಯಾನೇಜರ್ ಬೇಕಲ್ಲ. ಕಾಯಂ ನೌಕರನಾದ ತಪ್ಪಿಗೆ ಆ ಪಟ್ಟ ನನಗೆ ಕಟ್ಟಿದರು. ತಂಡಗಳು ಎರಡು, ಬಲೆ ಒಂದೇ. ಗಂಡಸರಿಗೆ 2.43 ಮೀಟರು, ಹೆಂಗಸರಿಗೆ 2.24. ಕಂಬಗಳಿಗೆ ಎರಡೆರಡು ಮೊಳೆ ಹೊಡೆದು, ಬೆಳಗ್ಗೆ ಹುಡುಗಿಯರಿಗಾಗಿ ಇಳಿಸುತ್ತಿದ್ದೆವು, ಸಂಜೆ ಹುಡುಗರಿಗಾಗಿ ಏರಿಸುತ್ತಿದ್ದೆವು. ಹುಡುಗಿಯರ ತಂಡಕ್ಕೆ ಆ ವರ್ಷ ಪ್ರಯಾಣದ ಹಣವೇ ಸಿಗಲಿಲ್ಲ. ಅದಕ್ಕೆ ಯಾವ ಪರಿಶೋಧಕರೂ ಆಕ್ಷೇಪಣೆ ಎತ್ತಲಿಲ್ಲವೆನ್ನಿ.

1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬಾತ ಈ ಆಟವನ್ನು ಕಟ್ಟಿದ್ದು, ಬಾಸ್ಕೆಟ್‌ಬಾಲಿನ ಓಟಕ್ಕೆ ಏದುಸಿರು ಬಿಡುವ ನಡುವಯಸ್ಸಿನ ವ್ಯಾಪಾರಿಗಳಿಗಾಗಿ. ಅಂದರೆ ನನ್ನಂಥವರಿಗಾಗಿ! ಇದನ್ನೋದಿ ಉಬ್ಬಿಹೋಗಿ, ಒಂದು ಸಂಜೆ ಅಂಕಣಕ್ಕಿಳಿದೆ. ಕನ್ನಡಕ ಮುರಿದುಕೊಂಡು ಮರಳಿದೆ.

ಇನ್ನು ಹಳದಿ ಅಂಗಿ. 1998ರಿಂದ ಈ ಆಟದಲ್ಲಿ ಲಿಬೆರೊ ಎಂಬೊಬ್ಬ ಆಟಗಾರನುಂಟು. ಅವನು ಹಿಂದಿನ ಸಾಲಿನವನು. ಬಲೆಯ ಬಳಿ ಜಿಗಿದು ಹೊಡೆಯುವಂತಿಲ್ಲ, ತಡೆಯೊಡ್ಡುವಂತಿಲ್ಲ. ಎದುರಿನವರು ಬಾರಿಸಿದ ಚೆಂಡು ನೆಲ ಮುಟ್ಟುವ ಮೊದಲು ಎತ್ತಿಕೊಡುವುದೇ ಅವನ ಕಸುಬು. ಗುರುತಿಗೆ ಬೇರೆ ಬಣ್ಣದ ಅಂಗಿ. ನಮ್ಮ ಲಿಬೆರೊ ಕುಳ್ಳ ಹುಡುಗ, ಬೆಳಗಿನ ಜಾವ ಮನೆಮನೆಗೆ ಹಾಲು ಹಾಕಿ ಬರುವವನು. ಅವನ ಮೊಣಕಾಲಿನ ಗಾಯ ಒಣಗಿದ್ದನ್ನು ನಾನು ಕಂಡಿಲ್ಲ.

ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹನ್ನೆರಡು ಆಟಗಾರರು, ನಾವಿಬ್ಬರು, ಒಟ್ಟು ಹದಿನಾಲ್ಕು ಮಂದಿಯ ರೈಲುಖರ್ಚು, ದಿನಭತ್ಯೆ ಕೇಳಿದ್ದೆವು. ಹನ್ನೆರಡು ಮಂದಿಗೆ ಮಂಜೂರಾಯಿತು. ಇಬ್ಬರ ಹೆಸರು ಹೊಡೆದುಹಾಕಬೇಕು. ಒಬ್ಬನಿಗೆ ಜ್ವರ ಬಂದು ನನ್ನ ಕೆಲಸ ಹಗುರವಾಯಿತು. ಇನ್ನೊಬ್ಬನಿಗಾಗಿ ಅಂಕಗಳ ಪುಸ್ತಕ ತೆರೆದೆ. ಲಿಬೆರೊನ ಹೆಸರಿನ ಮುಂದೆ ಒಂದಂಕವೂ ಇರಲಿಲ್ಲ.

“ಸಾರ್, ಅವನ ಖಾತೇಲಿ ಅಂಕ ಇರೋದೇ ಇಲ್ಲ. ಇನ್ನೊಂದ್ಸಲ ಯೋಚಿಸಿ,” ಎಂದರು ತರಬೇತುದಾರರು. ತಮ್ಮ ಭತ್ಯೆ ಬಿಟ್ಟುಕೊಡಲೂ ಸಿದ್ಧರಿದ್ದರು. ಒಬ್ಬರ ಬಾಬ್ತು ಇನ್ನೊಬ್ಬರಿಗೆ ಹೋಗದೆಂದು ನಾನು ನಿಯಮ ಹೇಳಿದೆ. ಗಂಟೆಯ ಲೆಕ್ಕದವರು ಕಾಯಂ ನೌಕರನೊಡನೆ ಎಷ್ಟು ವಾದಿಸಿಯಾರು?

ಹುಡುಗ ಸ್ಟೇಷನ್ನಿಗೆ ಬಂದಿದ್ದ. ಚೆಂಡಿನ ಚೀಲವನ್ನು ಡಬ್ಬಿಯೊಳಗಿಟ್ಟು, ತನ್ನ ಮೊಣಕಾಲು ಪಟ್ಟಿಗಳನ್ನು ಗೆಳೆಯನಿಗೆ ಕೊಟ್ಟ. “ಹೋಗ್ಬನ್ನಿ ಸಾರ್,” ಎಂದ. ರೈಲು ಹೊರಟ ಮೇಲೆ ನನಗೆ ಹೊಳೆಯಿತು: ನಾನು ಇಳಿದುಕೊಂಡಿದ್ದರೆ ಅವನು ಬರಬಹುದಿತ್ತು. ಮ್ಯಾನೇಜರಿಲ್ಲದೆ ತಂಡ ಹೋಗಬಾರದೆಂದು ಸಮಾಧಾನ ಹೇಳಿಕೊಂಡೆ. ಆ ಜಾಗಕ್ಕೆ ತರಬೇತುದಾರರ ಸಹಿಯೇ ಸಾಕಿತ್ತೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು.

ಮೊದಲ ಪಂದ್ಯದಲ್ಲೇ ಸೋತೆವು. ಅವನಿದ್ದರೆ ಗೆಲ್ಲುತ್ತಿದ್ದೆವೆನ್ನಲಾರೆ, ಎದುರಾಳಿಗಳು ನಮಗಿಂತ ಗೇಣೆತ್ತರ. ಆದರೆ ಹಿಂದಿನ ಸಾಲಿನಲ್ಲಿ ಚೆಂಡು ನೆಲಕ್ಕೆ ಬಿದ್ದಾಗಲೆಲ್ಲ ತರಬೇತುದಾರರು ನನ್ನತ್ತ ನೋಡಲೇ ಇಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಲಿಬೆರೊ ಆಟಗಾರನ ಅಂಗಿ ಭಿನ್ನವರ್ಣದ್ದಾಗಿರತಕ್ಕದ್ದೆಂದು ಪರಿಶೋಧಕರಿಗೆ ಶುದ್ಧ ಕನ್ನಡದಲ್ಲಿ ಬರೆದುಕೊಟ್ಟೆ. ಒಪ್ಪಿಕೊಂಡರು. ಹುಡುಗ ಆ ವರ್ಷವೇ ಪದವಿ ಮುಗಿಸಿಕೊಂಡು ಹೋದ. ದಾಸ್ತಾನು ಪುಸ್ತಕದಲ್ಲಿ ನನ್ನದೇ ಕೈಬರಹವಿದೆ: ಹಳದಿ ಅಂಗಿ, ಒಂದು; ಸ್ಥಿತಿ, ಹೊಸದು.