ಮೈದುನನ ಮಗಳ ಗದ್ದ

ನಮ್ಮವರ ಮನೆತನದಲ್ಲಿ ಹಂಚಿಕೊಳ್ಳುವಷ್ಟು ಆಸ್ತಿಯಿಲ್ಲ. ಗದ್ದದ ಕೆಳಗಿನ ಕೊಬ್ಬು ಮಾತ್ರ ಎಲ್ಲರ ಪಾಲಿಗೂ ಬಂದಿದೆ. ನಮ್ಮತ್ತೆಯವರಿಗಿತ್ತು, ನಮ್ಮವರಿಗಿದೆ, ಮೈದುನನ ಮಗಳಿಗೂ ಬಂತು. ನಾವು ಲಕ್ಷ್ಮೀಕಳೆ ಎಂದೆವು. ಅವಳು ಡಬಲ್ ಚಿನ್ ಎಂದಳು. ಮದುವೆ ಗೊತ್ತಾದದ್ದೇ ತಡ, ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಮಾಡಿಸಿಕೊಳ್ಳುತ್ತೇನೆಂದು, ಕಾಚಿಗುಡದಿಂದ ನನ್ನನ್ನೂ ಹೊರಡಿಸಿಕೊಂಡು ಜೂಬಿಲಿ ಹಿಲ್ಸಿನ ಸರ್ಜನ್ ಒಬ್ಬರಲ್ಲಿಗೆ ಹೊರಟಳು.

ಆಟೋದಲ್ಲಿ ಗುಟ್ಟು ಬಿಚ್ಚಿದಳು. "ದೊಡ್ಡಮ್ಮಾ, ಮೊದಲs ಎರಡು ಸಲ ಗದ್ದಕ್ಕ ಇಂಜೆಕ್ಷನ್ ತೊಗೊಂಡೀನಿ. ಡಾಕ್ಟರ್ ಮುಂದ ಹೇಳಬ್ಯಾಡ್ರಿ." ಹಲ್ಲುನೋವೆಂದು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ತಿರುಗಿದ್ದು ಅದಕ್ಕೇ! ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಗುಣ ಕಾಣದಿದ್ದರೆ ಆಪರೇಷನ್ ಇದ್ದೇ ಇದೆ ಎಂಬುದು ಅವಳ ಲೆಕ್ಕ.

ಡಾಕ್ಟರು ಎರಡು ಬೆರಳಿನಿಂದ ಹಿಡಿದು ನೋಡಿ, "ಮೊದಲು ಏನಾದರೂ ಮಾಡಿಸಿದ್ದೀರಾ?" ಎಂದರು. ಅವಳು ಸೂರು ನೋಡಿದಳು. ನಾನು ಹೇಳಿಬಿಟ್ಟೆ.

ಆ ಔಷಧಿಯ ಹೆಸರು ಡಿಆಕ್ಸಿಕೋಲಿಕ್ ಆಸಿಡ್. ನಮ್ಮ ಪಿತ್ತರಸದಲ್ಲಿದ್ದು ಜಿಡ್ಡನ್ನು ಅರಗಿಸಲು ನೆರವಾಗುವ ವಸ್ತುವೇ. ಗದ್ದದ ಕೊಬ್ಬಿಗೆಂದು ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ. ಕನಿಷ್ಠ ಒಂದು ತಿಂಗಳ ಅಂತರದಲ್ಲಿ ಹೆಚ್ಚೆಂದರೆ 6 ಸರದಿ, ಒಂದು ಸರದಿಗೆ 50 ಚುಚ್ಚುಗಳವರೆಗೆ. ಕೊಬ್ಬಿನ ಕಣಗಳು ಒಡೆದು ಸಾಯುತ್ತವೆ, ಜಾಗ ಊದುತ್ತದೆ, ಮಾಯುವಾಗ ಒಳಗೆ ನಾರುನಾರಾದ ಗಾಯದ ಕಲೆ ಬೆಳೆಯಬಹುದು. ಲೈಪೊಸಕ್ಷನ್ನಿನ ಸಣ್ಣ ಕೊಳವೆ ಮೆತ್ತನೆಯ ಕೊಬ್ಬಿನಲ್ಲಿ ಸಲೀಸಾಗಿ ಓಡಾಡುತ್ತದೆ, ನಾರುಗಟ್ಟಿದಲ್ಲಿ ತಡವರಿಸುತ್ತದೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬಂದು ಗದ್ದ ಏರುತಗ್ಗಾದೀತು. ದವಡೆಯಂಚಿನಲ್ಲಿ ಕೆಳದುಟಿಯನ್ನು ಆಡಿಸುವ ನರವೂ ಇದೆ, ಅದಕ್ಕೆ ಪೆಟ್ಟಾಗಬಾರದು. "ಆಗುವುದೇ ಇಲ್ಲವೆಂದಲ್ಲ. ಆದರೆ ನನಗೆ ಮೊದಲೇ ಗೊತ್ತಿರಬೇಕು" ಎಂದರು.

ಕೊಬ್ಬನ್ನು ಯಂತ್ರದಿಂದ ತಣ್ಣಗೆ ಹೆಪ್ಪುಗಟ್ಟಿಸುವ ಇನ್ನೊಂದು ವಿಧಾನವಿದೆಯಲ್ಲ, ಅದರಲ್ಲಿ ಅಪರೂಪಕ್ಕೆ ಕೊಬ್ಬು ಕರಗುವ ಬದಲು ಗಟ್ಟಿಯಾಗಿ ಬೆಳೆಯುವುದುಂಟು. ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತಮಗೆ ಹಾಗಾಯಿತೆಂದೂ ಸರಿಪಡಿಸುವ ಎರಡು ಆಪರೇಷನ್ನುಗಳೂ ಫಲ ಕೊಡಲಿಲ್ಲವೆಂದೂ 2021ರಲ್ಲಿ ಹೇಳಿಕೊಂಡರು. ಕೋಟಿಗಟ್ಟಲೆ ಹಣವಿದ್ದವರ ಪಾಡೇ ಹೀಗೆ!

ಕೊನೆಯ ಇಂಜೆಕ್ಷನ್ ಆಗಿ ಆರು ವಾರ. ಒಳಗಿನ ಗಡಸು ಇಳಿಯಲು ತಿಂಗಳುಗಳೇ ಬೇಕು, ಈಗ ಕೈ ಹಾಕುವುದಿಲ್ಲ ಎಂದುಬಿಟ್ಟರು ಡಾಕ್ಟರು. ಮದುವೆಗೆ ಉಳಿದದ್ದು ಎರಡೇ ತಿಂಗಳು. ಆಟೋದಲ್ಲಿ ಅತ್ತಳು, ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು.

ಮೊನ್ನೆ ಮದುವೆಯ ಫೋಟೋ ಬಂದವು. ಎರಡನೆಯ ಗದ್ದ ಕಾಣಬಾರದೆಂದು ಒಂದರಲ್ಲೂ ತಲೆ ತಗ್ಗಿಸಿಲ್ಲ. ಬೀಗರ ಕಡೆಯ ಅಜ್ಜಿಯೊಬ್ಬರು, "ಹುಡುಗಿಗೆ ನಾಚಿಕಿ ಒಂದೀಟು ಕಮ್ಮಿ" ಎಂದರಂತೆ.