ಅರ್ಧ ಸೆಕೆಂಡಿನ ಅನುಮಾನ

ನಿನ್ನೆ ಸಂಜಿಮುಂದ ವಿಜಯಪುರದ ಗಾಂಧಿಚೌಕದಾಗ ಚಹಾ ಕುಡೀತ ನಿಂತಿದ್ವಿ. ನಾನು ಟಿಕೋಟಾದಾಂವ, ಗೆಳೆಯ ಬಬಲೇಶ್ವರದಾಂವ, ಇಬ್ಬರದೂ ಕೋಡ್ ಬರಿಯೋ ಕೆಲಸ. ಮಾತು ಎಐಯಿಂದ ಸುರುವಾಗಿ, ಎಲ್ಲೆಲ್ಲೋ ಸುತ್ತಿ, 2024ರ ಮಾರ್ಚ್‌ನ ಎಕ್ಸ್‌ಜೆಡ್ ಪ್ರಕರಣಕ್ಕ ಬಂತು.

ಎಕ್ಸ್‌ಜೆಡ್ ಅಂದ್ರ ಫೈಲ್ ಕುಗ್ಗಿಸೋ ಸಣ್ಣ ತಂತ್ರಾಂಶ. ಜಗತ್ತಿನ ಲಿನಕ್ಸ್ ಸರ್ವರ್‌ಗಳಾಗ ಹೆಚ್ಚೂಕಡಿಮಿ ಎಲ್ಲಾ ಕಡೆ ಇರ್ತೈತಿ. ವರ್ಷಗಟ್ಲೆ ಅದನ್ನ ನೋಡಿಕೊಂಡಾಂವ ಒಬ್ಬನ, ಅದೂ ಪಗಾರ ಇಲ್ದ. ಸಹಾಯ ಮಾಡ್ತೀನಂತ ಬಂದು, ಎರಡು ವರ್ಷಕ್ಕೂ ಹೆಚ್ಚು ದುಡದು ನಂಬಿಗಿ ಗಳಿಸಿ, ಯಾರೋ ಅದರಾಗ ಕಳ್ಳಬಾಗಿಲ ಇಟ್ಟಿದ್ರು. ಹಿಡದಾಂವ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್. ಹೆಂಗಂದ್ರ, ಆ ಕಳ್ಳಬಾಗಿಲಿನಿಂದಾಗಿ ಲಾಗಿನ್ ಆಗಾಕ ಬರೇ ಅರ್ಧ ಸೆಕೆಂಡ್ ಹೆಚ್ಚಿಗಿ ಹಿಡ್ಯಾಕತ್ತಿತ್ತು!

“ನಾವಾಗಿದ್ರ ನೆಟ್ ಸ್ಲೋ ಐತಿ ಅಂತ ಬಿಡ್ತಿದ್ವಿ ನೋಡಲೇ” ಅಂದ ಗೆಳೆಯ. ಒಂದ ಗುಟುಕು ಚಹಾ ಕುಡದು ಮತ್ತ ಅಂದ: “ನಮ್ಮಪ್ಪ ಶೆಡ್ಡಿನ್ಯಾಗ ಒಣದ್ರಾಕ್ಷಿ ಮುಷ್ಟಿ ತುಂಬ ಹಿಡದು ಹಿಚುಕತಾನ. ಕೈ ಬಿಚ್ಚಿದಾಗ ಬಿಡಿಬಿಡಿಯಾಗಿ ಉದುರಿದ್ರ ಒಣಗ್ಯಾವ, ಗುಂಪಾಗಿ ಅಂಟಿದ್ರ ಇನ್ನೂ ಹಸಿ ಅದಾವ. ಯಾರು ಏನ ಹೇಳಿದ್ರೂ ತಾನ ಹಿಚುಕಿ ನೋಡಾಂವನ.”

ಫ್ರಾಯಿಂಡ್ ಮಾಡಿದ್ದೂ ಇದನ್ನ. ದಿನಾ ಮುಟ್ಟೋ ವಸ್ತು ಚೂರ ಬ್ಯಾರೆ ಅನಿಸ್ತು, ಬಿಡಲಿಲ್ಲ.

ಅದಕ್ಕ, ನಮ್ಮ ಜಿಲ್ಲಾದಾಗ ಕೋಡ್ ಕಲಿಯಾಕತ್ತಿರೋ ತಮ್ಮಂದಿರ, ತಂಗ್ಯಾರ, ಎಐ ಬರದುಕೊಟ್ಟಿದ್ದು ಓಡ್ತು ಅಂತ ಹಂಗ ಬಿಡಬ್ಯಾಡ್ರಿ. ಒಂದೊಂದ ಸಾಲೂ ಓದ್ರಿ.