ಗುಣದ ಬೆಡಂಗಿ ಅಕ್ಕಾದೇವಿ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಎಂಬ ಊರಿದೆ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ; ನಡುವಣ ಈ ನೆಲ ಹಲವು ಅರಸುಮನೆತನಗಳ ಏಳುಬೀಳುಗಳನ್ನು ಕಂಡಿದೆ. ಅಶೋಕ ಚಕ್ರವರ್ತಿಯ ಹೆಸರನ್ನು ಸ್ಪಷ್ಟವಾಗಿ ಹೇಳುವ ಬಂಡೆಶಾಸನ 1915ರಲ್ಲಿ ಇಲ್ಲಿ ಬೆಳಕಿಗೆ ಬಂದುದರಿಂದ ಮಸ್ಕಿಯ ಕೀರ್ತಿ ಎಲ್ಲೆಡೆ ಹರಡಿತು.

ಆದರೆ ಈ ಊರಿಗೆ ಇನ್ನೊಂದು ನೆನಪೂ ಉಂಟು. ಹನ್ನೊಂದನೆಯ ಶತಮಾನದ ಶಾಸನವೊಂದು ಇದನ್ನು ‘ಪಿರಿಯ ಮೊಸಂಗಿ’ ಎಂದು ಕರೆದು, ರಾಜಧಾನಿಯೆಂದು ಹೇಳಿದೆ. ಕಲ್ಯಾಣದ ಚಾಲುಕ್ಯರ ಇಮ್ಮಡಿ ಜಯಸಿಂಹನಿಗೂ ಚೋಳರ ರಾಜೇಂದ್ರನಿಗೂ 1021ರ ಸುಮಾರಿಗೆ ಯುದ್ಧ ನಡೆದ ‘ಮುಸಂಗಿ’ ಈ ಮಸ್ಕಿಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಆ ಯುದ್ಧದೊಂದಿಗೆ ಹಗೆ ಮುಗಿಯಲಿಲ್ಲ. ಮುಂದೆ ದಶಕಗಳ ಕಾಲ ಕನ್ನಡ ನಾಡಿನ ಊರುಕೇರಿಗಳು ಸೇನೆಗಳ ತುಳಿತಕ್ಕೆ ಸಿಕ್ಕಿ ನೊಂದವು. ಇಂಥ ಕಾಲದಲ್ಲಿ ಬಾಳಿದ ವೀರವನಿತೆ ಅಕ್ಕಾದೇವಿ. ಆಕೆ ಜಯಸಿಂಹನ ಸೋದರಿ.

ಅಕ್ಕಾದೇವಿ ಸಿಂಹಾಸನವೇರಿದ ರಾಣಿಯಲ್ಲ, ಪ್ರಾಂತವನ್ನಾಳಿದ ರಾಜಕುಮಾರಿ. 1010ರ ವೇಳೆಗೆ, ಅಣ್ಣ ಐದನೆಯ ವಿಕ್ರಮಾದಿತ್ಯನ ಕಾಲದಲ್ಲಿಯೇ, ಆಕೆ ಕಿಸುಕಾಡು ಎಪ್ಪತ್ತರ ಆಡಳಿತವನ್ನು ನೋಡಿಕೊಳ್ಳುತ್ತಿದ್ದಳು. ಮುಂದೆ ಜಯಸಿಂಹ, ಆತನ ಮಗ ಒಂದನೆಯ ಸೋಮೇಶ್ವರ ಇವರ ಆಳ್ವಿಕೆಯಲ್ಲಿಯೂ ಅಧಿಕಾರ ಆಕೆಯ ಕೈಯಲ್ಲಿ ಉಳಿಯಿತು. ಮೂವರು ದೊರೆಗಳು ಬದಲಾದರೂ ಆಕೆಯ ಮೇಲಿನ ನಂಬಿಕೆ ಬದಲಾಗಲಿಲ್ಲ. ರಣರಂಗದಲ್ಲಿ ಆಕೆ ಭೈರವಿಯಂತೆ ಎಂದು ಶಾಸನಕಾರರು ಕೊಂಡಾಡಿದ್ದಾರೆ. ಇದು ಬರಿಯ ಹೊಗಳಿಕೆಯಲ್ಲ. 1047ರಲ್ಲಿ ಆಕೆ ಸೈನ್ಯದೊಡನೆ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳು. ಮೊದಲ ಶಾಸನದಿಂದ ಆ ಮುತ್ತಿಗೆಯವರೆಗೆ ಮೂವತ್ತೇಳು ವರ್ಷಗಳು ಸಂದಿದ್ದವು. ಎಳೆಯ ಹರೆಯದ ಆವೇಶ ಅದಲ್ಲ. ಪಳಗಿದ ಕೈಯ ಧೈರ್ಯ.

ಮುತ್ತಿಗೆಯ ಬಿಡಾರದಲ್ಲಿದ್ದಾಗಲೇ ಆಕೆ ವಿಕ್ರಮಪುರದ ಜಿನಾಲಯಕ್ಕೆ ದತ್ತಿ ಬಿಟ್ಟಳು. ಆ ವಿಕ್ರಮಪುರವೇ ಬಾಗಲಕೋಟೆ ಜಿಲ್ಲೆಯ ಅರಸೀಬೀದಿ. ಊರಿನ ಹೆಸರಿನಲ್ಲಿ ‘ಅರಸಿ’ ಎಂಬ ಮಾತು ಇಂದಿಗೂ ಉಳಿದಿದೆ. ಅದಕ್ಕೂ ಹಿಂದೆ, 1022ರಲ್ಲಿ, ಬಾದಾಮಿಯ ಬಳಿಯ ಬೇಲೂರಿನಲ್ಲಿ ತ್ರೈಪುರುಷ ದೇವಾಲಯಕ್ಕೂ ವಿದ್ಯಾರ್ಥಿಗಳ ಅನ್ನವಸ್ತ್ರಕ್ಕೂ ಆಕೆ ಭೂಮಿಯನ್ನು ದಾನವಿತ್ತಿದ್ದಳು. ಧರ್ಮಭೇದವೆಣಿಸದ ಈ ಔದಾರ್ಯ ಆಕೆಯ ಮನಸ್ಸಿನ ವಿಸ್ತಾರವನ್ನು ತೋರಿಸುತ್ತದೆ.

ಆದರೆ ಅಕ್ಕಾದೇವಿಯ ನಿಜವಾದ ಹಿರಿಮೆಯನ್ನು ಕಾಣಬೇಕಾದರೆ ಗದಗ ಜಿಲ್ಲೆಯ ಸೂಡಿಗೆ ಹೋಗಬೇಕು. ಚೋಳರೊಡನೆ ನಡೆದ ಯುದ್ಧದ ಹಾವಳಿಯಲ್ಲಿ ಆ ಊರಿನ ಹಿಂದಿನ ಕಟ್ಟುಪಾಡುಗಳು ಕೆಟ್ಟುಹೋಗಿದ್ದವು. ಯಾರು ಎಷ್ಟು ತೆರಿಗೆ ಕೊಡಬೇಕು, ಯಾರ ಹಕ್ಕು ಏನು ಎಂಬುದಕ್ಕೆ ಆಧಾರವಿಲ್ಲದಿದ್ದರೆ ಬಲ್ಲಿದನ ಮಾತೇ ಕಾನೂನಾಗುತ್ತದೆ. ಅಕ್ಕಾದೇವಿ 1050ರ ಸುಮಾರಿಗೆ ಅಧಿಕಾರಿಗಳ ಸಮ್ಮುಖದಲ್ಲಿ ಸಭೆ ಸೇರಿಸಿ, ಅಲ್ಲಿನ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಕಟ್ಟಳೆಗಳನ್ನು ಹೊಸದಾಗಿ ಗೊತ್ತುಪಡಿಸಿ ಕಲ್ಲಿನಲ್ಲಿ ಬರೆಯಿಸಿದಳು. ಕೋಟೆಯನ್ನು ಗೆಲ್ಲುವುದು ಸಾಹಸ. ಕದಡಿದ ಊರನ್ನು ಮತ್ತೆ ನೆಲೆಗೊಳಿಸುವುದು ಅದಕ್ಕಿಂತ ದೊಡ್ಡ ಸಾಹಸ.

ಲೋಕದ ಬೇರೆ ಕಡೆಗಳಲ್ಲಿಯೂ ಇಂಥ ವೀರವನಿತೆಯರು ಇದ್ದರು. ಆಫ್ರಿಕದ ನೈಜೀರಿಯದ ಉತ್ತರ ಭಾಗದಲ್ಲಿ ಹೌಸಾ ಜನರು ತಮ್ಮ ಜಜ್ಜಾವು ನಾಡಿನ ಅಮೀನಾಳನ್ನು ಇಂದಿಗೂ ಸ್ಮರಿಸುತ್ತಾರೆ. ದಂಡೆತ್ತಿ ಹೋದಲ್ಲೆಲ್ಲ ಆಕೆ ಕೋಟೆ ಕಟ್ಟಿಸಿದಳೆಂದು ಪ್ರತೀತಿ. ಹಳೆಯ ಮಣ್ಣಿನ ಗೋಡೆಗಳನ್ನು ಅಲ್ಲಿನವರು ಆಕೆಯ ಹೆಸರಿನಿಂದಲೇ ಕರೆಯುತ್ತಾರೆ. ಅಮೀನಾಳ ನೆನಪನ್ನು ಗೋಡೆಗಳು ಕಾದುಕೊಂಡಿವೆ. ಅಕ್ಕಾದೇವಿಯ ನೆನಪನ್ನು ಶಾಸನಗಳು.

ಅಕ್ಕಾದೇವಿಗೆ ‘ಗುಣದ ಬೆಡಂಗಿ’ ಎಂಬ ಬಿರುದಿತ್ತು. ಬೆಡಂಗು ಎಂದರೆ ಸೊಬಗು. ಗುಣವನ್ನೇ ಸೊಬಗಾಗಿ ಉಳ್ಳವಳು ಎಂದು ಅದರ ಅರ್ಥ. ‘ಏಕವಾಕ್ಯೆ’, ಎಂದರೆ ಆಡಿದ ಮಾತಿಗೆ ತಪ್ಪದವಳು, ಎಂಬುದು ಇನ್ನೊಂದು ಬಿರುದು. ಖಡ್ಗ ಹಿಡಿದವರಿಗೆ ಈ ಎರಡು ಗುಣಗಳು ಇಲ್ಲದಿದ್ದರೆ ಶೌರ್ಯವು ಕ್ರೌರ್ಯವಾಗುವುದು. ನಮ್ಮ ಊರುಗಳ ಗುಡಿಯಂಗಳಗಳಲ್ಲಿ, ಹೊಲದ ಬದುಗಳಲ್ಲಿ ಅಕ್ಷರ ಹೊತ್ತ ಕಲ್ಲುಗಳು ಇನ್ನೂ ಎಷ್ಟೋ ನಿಂತಿವೆ. ಅವುಗಳಿಗೆ ಸುಣ್ಣ ಬಳಿಯದೆ, ಒಡೆಯದೆ, ಓದಬಲ್ಲವರಿಗೆ ತೋರಿಸಿ ಕಾಪಾಡುವುದು ನಮ್ಮ ಕರ್ತವ್ಯ. ಅಂಥ ಕಲ್ಲುಗಳು ಉಳಿದುದರಿಂದಲೇ ಅಕ್ಕಾದೇವಿ ನಮಗೆ ಉಳಿದಿದ್ದಾಳೆ.